ಕೊಡಗಿನ ಏರಿಗೆ ಸೈಕಲ್: ಹಲ್ಲುಗಳನ್ನು ಎಣಿಸಿ ಕೊಳ್ಳಿ

ಮಾನ್ಯ ಸಂಪಾದಕರೇ,

ಕೊಡಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವುದು ಆಗದ ಮಾತು ಎಂಬುದನ್ನು ನಾನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. ಈಚಿನ ವರ್ಷಗಳಲ್ಲಿ ಪೆಟ್ರೋಲಿನ ಬೆಲೆಗೆ ಬೇಸತ್ತೋ ಆರೋಗ್ಯದ ಕಾಳಜಿಯಿಂದಲೋ ಹಲವರು ಸಾವಿರಾರು ರೂಪಾಯಿ ಕೊಟ್ಟು ಗೇರಿನ ಸೈಕಲ್ ಕೊಂಡು, ಎರಡು ವಾರ ತುಳಿದು, ಮೂರನೆಯ ವಾರ ಅದನ್ನು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಒರಗಿಸಿಟ್ಟಿರುವುದನ್ನು ನನ್ನ ನೆರೆಹೊರೆಯಲ್ಲಿಯೇ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ತಪ್ಪನ್ನು ತಮ್ಮ ವಯಸ್ಸಿನ ಮೇಲೆ, ಮಂಡಿಯ ಮೇಲೆ ಅಥವಾ ಊರಿನ ಏರಿನ ಮೇಲೆ ಹೊರಿಸುತ್ತಾರೆ. ಆದರೆ ತಪ್ಪು ಬಹುಮಟ್ಟಿಗೆ ಇರುವುದು ಕೊಂಡ ಸೈಕಲ್ಲಿನ ಹಲ್ಲುಚಕ್ರಗಳ ಅಳತೆಯಲ್ಲಿ. ಅದನ್ನು ಕೊಳ್ಳುವ ಮುನ್ನವೇ ಐದು ನಿಮಿಷದಲ್ಲಿ ಲೆಕ್ಕ ಹಾಕಿ ತಿಳಿಯಬಹುದಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಡಿಕೇರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಮೇಕೇರಿ ಕಡೆಯಿಂದ ಪ್ರತಿದಿನ ಸೈಕಲ್ಲಿನಲ್ಲಿಯೇ ಬರುತ್ತೇನೆ. ಬೆಳಿಗ್ಗೆ ಏರು, ಸಂಜೆ ಇಳಿಜಾರು. ಬೆಳಿಗ್ಗೆಯೇ ಏರು ಎಂಬುದು ಸಣ್ಣ ವಿಷಯವಲ್ಲ. ತರಗತಿಗೆ ಹೋಗಿ ನಿಲ್ಲಬೇಕಾದವನು ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತ ಬರುವಂತಿಲ್ಲ. ಆದ್ದರಿಂದ ಎಷ್ಟು ಬೇಗ ಹತ್ತಬಹುದು ಎಂಬುದಕ್ಕಿಂತ ಎಷ್ಟು ನಿಧಾನವಾಗಿ, ನಿಲ್ಲದೆ, ಸೀಟಿನ ಮೇಲೆ ಕುಳಿತೇ ಹತ್ತಬಹುದು ಎಂಬುದು ನನಗೆ ಮುಖ್ಯವಾಯಿತು.

ಮೊದಲು ನನ್ನಲ್ಲಿದ್ದುದು ತಂದೆಯವರ ಕಾಲದ ಕರಿಯ ಸೈಕಲ್. ಅದರ ಮುಂದಿನ ಚೈನ್‌ವೀಲಿನಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು. 44ನ್ನು 18ರಿಂದ ಭಾಗಿಸಿದರೆ 2.44 ಬರುತ್ತದೆ; ಅಂದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿರುತ್ತದೆ. ಆ 28 ಇಂಚಿನ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.2 ಮೀಟರ್ ಇರುವುದರಿಂದ ಪೆಡಲಿನ ಒಂದು ಸುತ್ತಿಗೆ ಸೈಕಲ್ 5.4 ಮೀಟರ್ ಮುಂದೆ ಹೋಗಲೇಬೇಕು. ಬಯಲುಸೀಮೆಯ ಸಮತಟ್ಟು ರಸ್ತೆಗೆ ಇದು ಹೇಳಿ ಮಾಡಿಸಿದ ಅಳತೆ. ಆದರೆ ನೂರು ಮೀಟರ್ ದೂರಕ್ಕೆ ಎಂಟು ಮೀಟರ್ ಮೇಲೇರುವ, ಅಂದರೆ ಶೇ 8ರ ಏರಿನಲ್ಲಿ ಏನಾಗುತ್ತದೆ ಎಂದು ನೋಡೋಣ. ನಾನು, ಸೈಕಲ್, ಪುಸ್ತಕದ ಚೀಲ ಎಲ್ಲ ಸೇರಿ 90 ಕಿಲೋ ತೂಗುತ್ತೇವೆ. ಅದರ ಶೇ 8 ಎಂದರೆ 7 ಕಿಲೋಗೂ ತುಸು ಹೆಚ್ಚು. ಟೈರು ರಸ್ತೆಯ ಮೇಲೆ ಉರುಳುವಾಗಿನ ತಡೆಯನ್ನೂ ಸೇರಿಸಿದರೆ ಸುಮಾರು 8 ಕಿಲೋ ಭಾರ ನಮ್ಮನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಪೆಡಲಿನ ತೋಳು 17 ಸೆಂಟಿಮೀಟರ್ ಉದ್ದವಿರುವುದರಿಂದ ಒಂದು ಸುತ್ತಿನಲ್ಲಿ ಪಾದ ಚಲಿಸುವುದು ಬರೇ 1.07 ಮೀಟರ್, ಅಷ್ಟರಲ್ಲಿ ಸೈಕಲ್ ಚಲಿಸಬೇಕಾದದ್ದು 5.4 ಮೀಟರ್. ಹೀಗಾಗಿ ಪಾದದ ಮೇಲೆ ಬೀಳುವ ಸರಾಸರಿ ಭಾರ ಐದು ಪಟ್ಟಾಗಿ 40 ಕಿಲೋ ಮುಟ್ಟುತ್ತದೆ. ಪೆಡಲು ತೀರ ಮೇಲೆ ಮತ್ತು ತೀರ ಕೆಳಗೆ ಇರುವಾಗ ತುಳಿತಕ್ಕೆ ಬಲವೇ ಇಲ್ಲದ ಕಾರಣ, ನಡುವಿನ ಘಟ್ಟದಲ್ಲಿ ಅದು 60 ಕಿಲೋ ದಾಟುತ್ತದೆ. ನನ್ನ ದೇಹದ ತೂಕ 65 ಕಿಲೋ. ಅಂದರೆ ಪ್ರತಿ ತುಳಿತಕ್ಕೂ ನಾನು ಇಡೀ ದೇಹವನ್ನೆತ್ತಿ ಒಂದು ಕಾಲಿನ ಮೇಲೆ ಹಾಕಬೇಕು. ಇದು ಮಂಡಿ ಸಹಿಸುವ ಕೆಲಸವಲ್ಲ. ಹಿರಿಯರು ಕೊಡಗಿನಲ್ಲಿ ಸೈಕಲ್ ಆಗದು ಎಂದದ್ದು ಆ ಸೈಕಲ್ಲಿನ ಮಟ್ಟಿಗೆ ಪೂರಾ ನಿಜ.

ಆಮೇಲೆ ಬಯಲುಸೀಮೆಯ ಪಟ್ಟಣವೊಂದರ ಅಂಗಡಿಯಲ್ಲಿ 21 ಗೇರಿನ ಸೈಕಲ್ ಕೊಂಡೆ. ಘಟ್ಟದ ರಸ್ತೆಗೆ ಬೇಕು ಎಂದು ನಾನು ಹೇಳಿದಾಗ ಅಂಗಡಿಯವರು, ಇಪ್ಪತ್ತೊಂದು ಗೇರು ಇರುವಾಗ ಯಾವ ಏರು ತಾನೇ ಲೆಕ್ಕ ಎಂದರು, ನಾನೂ ಒಪ್ಪಿದೆ. ಮನೆಗೆ ತಂದು ಎಣಿಸಿ ನೋಡಿದರೆ ಮುಂದೆ 48, 38, 28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರ. ಅತಿ ಹಗುರವಾದ ಗೇರು ಎಂದರೆ ಮುಂದಿನ ಅತಿ ಸಣ್ಣದು ಮತ್ತು ಹಿಂದಿನ ಅತಿ ದೊಡ್ಡದು, ಅಂದರೆ 28ಕ್ಕೆ 28. ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ದೂರ 2.17 ಮೀಟರ್. ಅತಿ ಭಾರದ್ದು 48ಕ್ಕೆ 14. ಅದು ಒಂದು ಸುತ್ತಿಗೆ 7.4 ಮೀಟರ್. ಈ ಎರಡನೆಯದನ್ನು ನಾನು ಬಳಸಿದ್ದು ಇಳಿಜಾರಿನಲ್ಲಿ ಮಾತ್ರ, ಅದೂ ಅಗತ್ಯವಿಲ್ಲದೆ, ಏಕೆಂದರೆ ನಮ್ಮ ಇಳಿಜಾರಿನಲ್ಲಿ ಬೇಕಾಗುವುದು ಒಳ್ಳೆಯ ಬ್ರೇಕು. ಅಲ್ಲಿ ತುಳಿಯುವ ಕೆಲಸವೇ ಇಲ್ಲ. ನಾನು ಹಣ ಕೊಟ್ಟ ಇಪ್ಪತ್ತೊಂದು ಗೇರುಗಳ ದೊಡ್ಡ ಪಾಲು ಹಾಸನ, ಮೈಸೂರಿನ ಬಯಲು ರಸ್ತೆಗೆ ಹೊಂದುವಂಥದ್ದು. ಮಡಿಕೇರಿಗೆ ಬೇಕಾದ ತುದಿಯಲ್ಲಿ ಮಾತ್ರ ಅದು ಸಾಲದೆ ಹೋಯಿತು.

ಹಾಗಾದರೆ ಎಷ್ಟು ಹಗುರವಿದ್ದರೆ ಸಾಕು? ಸಾಧಾರಣ ಆರೋಗ್ಯದ ವ್ಯಕ್ತಿಯೊಬ್ಬ ಅರ್ಧ ಗಂಟೆ ಕಾಲ ಮಾತನಾಡುತ್ತಲೇ ತುಳಿಯಬಲ್ಲ ಶಕ್ತಿಯನ್ನು 120 ವ್ಯಾಟ್ ಎಂದು ಇಟ್ಟುಕೊಂಡರೆ, ಮೇಲೆ ಹೇಳಿದ ಶೇ 8ರ ಏರಿನಲ್ಲಿ 90 ಕಿಲೋ ಭಾರವನ್ನು ಆತ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ಒಯ್ಯಬಲ್ಲ. ಗೇರು ಯಾವುದೇ ಇರಲಿ, ಈ ವೇಗ ಬದಲಾಗದು. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಕಾಲಿಗೆ ಒಗ್ಗುವಂತೆ ಹಂಚಿಕೊಡುತ್ತದೆ. ಕರಿಯ ಸೈಕಲ್ಲಿನಲ್ಲಿ ಆ ವೇಗಕ್ಕೆ ಪೆಡಲು ನಿಮಿಷಕ್ಕೆ 17 ಸುತ್ತು ಮಾತ್ರ ಬರುತ್ತದೆ. ಅಷ್ಟು ನಿಧಾನವಾಗಿ, ಅಷ್ಟು ಭಾರವನ್ನು ತುಳಿಯಲು ಯಾರಿಗೂ ಆಗದು. 28ಕ್ಕೆ 28ರಲ್ಲಿ 42 ಸುತ್ತು ಬರುತ್ತದೆ. ತುಳಿಯಬಹುದು, ಆದರೆ ಪ್ರತಿದಿನವಲ್ಲ. ಮಂಡಿಗೆ ಹಿತವಾಗಬೇಕಾದರೆ ಏರಿನಲ್ಲಿಯೂ ನಿಮಿಷಕ್ಕೆ 60 ಸುತ್ತಿನ ಆಸುಪಾಸು ಇರಬೇಕು ಎಂಬುದು ನನ್ನ ಅನುಭವ. 60 ಸುತ್ತು ಬರಬೇಕಾದರೆ ಒಂದು ಸುತ್ತಿಗೆ ಸೈಕಲ್ ಒಂದೂವರೆ ಮೀಟರಿನಷ್ಟು ಮಾತ್ರ ಮುಂದೆ ಹೋಗಬೇಕು. ಕೊಡಗಿನಲ್ಲಿ ಸೈಕಲ್ ಕೊಳ್ಳುವವರು ನೆನಪಿಡಬೇಕಾದ ಅಂಕಿ ಇದೊಂದೇ: ಅತಿ ಹಗುರವಾದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಒಂದೂವರೆಯಿಂದ ಒಂದೂಮುಕ್ಕಾಲು ಮೀಟರ್. ಎರಡು ಮೀಟರ್ ದಾಟಿದರೆ ಅದು ನಮ್ಮ ಊರಿನ ಸೈಕಲ್ ಅಲ್ಲ.

ಇದನ್ನು ಅಂಗಡಿಯಲ್ಲಿಯೇ ಅಳೆಯಲು ಯಾವ ಸೂತ್ರವೂ ಬೇಕಿಲ್ಲ. ಅತಿ ಹಗುರವಾದ ಗೇರಿಗೆ ಹಾಕಿಸಿ, ಪೆಡಲನ್ನು ತೀರ ಕೆಳಗೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಪೆಡಲನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸುತ್ತ ಸೈಕಲ್ಲನ್ನು ಮುಂದೆ ಸಾಗಿಸಿ ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರವೇ ಉತ್ತರ.

ದಾರಿಯ ಏರನ್ನೂ ಅಳೆಯಬೇಕು, ಮತ್ತು ಇಲ್ಲಿ ಸರಾಸರಿಯನ್ನು ನಂಬಬಾರದು. ಸಂಪಾಜೆಯಿಂದ ಮಡಿಕೇರಿಗೆ ಇಪ್ಪತ್ತೈದು ಕಿಲೋಮೀಟರಿಗೂ ತುಸು ಹೆಚ್ಚಿನ ದೂರದಲ್ಲಿ ರಸ್ತೆ ಸಾವಿರ ಮೀಟರಿನಷ್ಟು ಎತ್ತರಕ್ಕೆ ಏರುತ್ತದೆ. ಸರಾಸರಿ ಶೇ 4ರಷ್ಟು. ಕುಶಾಲನಗರದಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನಲ್ಲಿ ಮುನ್ನೂರು ಮೀಟರಿಗೆ ತುಸು ಹೆಚ್ಚು. ಸರಾಸರಿ ಶೇ 1 ಮಾತ್ರ. ಹಾಗೆಂದು ಸುಂಟಿಕೊಪ್ಪ ದಾಟಿ ಮೇಲೆ ಬರುವವರಿಗೆ ಆ ರಸ್ತೆ ಸಮತಟ್ಟೆಂದು ಹೇಳಿದರೆ ಅವರು ನಗುವುದಿಲ್ಲವೇ? ಸರಾಸರಿಯೊಳಗೆ ಇಳಿತಗಳೂ ಸೇರಿರುತ್ತವೆ. ಕಾಲಿಗೆ ಗೊತ್ತಾಗುವುದು ಅತ್ಯಂತ ಕಡಿದಾದ ಇನ್ನೂರು ಮೀಟರ್ ಮಾತ್ರ. ಮಡಿಕೇರಿಯಲ್ಲಿ ಆ ಇನ್ನೂರು ಮೀಟರ್ ಹೆದ್ದಾರಿಯಲ್ಲಿ ಇರುವುದಿಲ್ಲ, ಊರೊಳಗಿನ ಓಣಿಗಳಲ್ಲಿಯೋ ಮನೆಯ ಮುಂದಿನ ಕಾಂಕ್ರೀಟು ದಾರಿಯಲ್ಲಿಯೋ ಇರುತ್ತದೆ. ಓಂಕಾರೇಶ್ವರ ದೇವಸ್ಥಾನದ ತಗ್ಗಿನಿಂದ ಮೇಲಕ್ಕೆ ನಡೆದು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ಒಂದು ಮೀಟರ್ ಉದ್ದದ ನೇರವಾದ ಪಟ್ಟಿಯ ಮೇಲಿಟ್ಟು, ಪಟ್ಟಿಯ ಒಂದು ತುದಿಯನ್ನು ಏರುವ ಕಡೆಗೆ ನೆಲಕ್ಕೆ ಊರಿ, ಇನ್ನೊಂದನ್ನು ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ ಹಿಡಿದು, ನೆಲದಿಂದ ಆ ತುದಿಗಿರುವ ಅಂತರವನ್ನು ಅಳೆದರೆ, ಎಷ್ಟು ಸೆಂಟಿಮೀಟರ್ ಬಂತೋ ಅಷ್ಟೇ ಶೇಕಡಾ ಏರು. ನನ್ನ ದಾರಿಯಲ್ಲಿ ಶಾಲೆಯ ಬಳಿಯ ಕೊನೆಯ ತಿರುವಿನಲ್ಲಿ ಅದು 12 ಬಂತು. ಘಾಟಿಯ ಹಿಮ್ಮುರಿ ತಿರುವುಗಳಲ್ಲಿ ಇನ್ನೊಂದು ಗಮನಿಸಬೇಕು: ಏರುವಾಗ ಎಡ ತಿರುವಿನ ಒಳಬದಿ ಹೊರಬದಿಗಿಂತ ಬಹಳ ಕಡಿದಾಗಿರುತ್ತದೆ, ಮತ್ತು ಎಡಬದಿಯಲ್ಲಿ ಸಾಗಬೇಕಾದ ಸೈಕಲ್ಲಿನವರ ಪಾಲಿಗೆ ಬರುವುದು ಅದೇ.

ನನ್ನ ಸೈಕಲ್ಲನ್ನು ಮಾರದೆ, ಎರಡು ಹಂತಗಳಲ್ಲಿ ಬದಲಾಯಿಸಿಕೊಂಡೆ. ಮೊದಲು ಹಿಂದಿನ 14–28ರ ಫ್ರೀವೀಲನ್ನು ಬಿಚ್ಚಿಸಿ 14–34ರದನ್ನು ಹಾಕಿಸಿದೆ. 28ಕ್ಕೆ 34 ಎಂದರೆ ಒಂದು ಸುತ್ತಿಗೆ 1.79 ಮೀಟರ್. ಅದೇ ಹೊತ್ತಿಗೆ ಚೈನನ್ನೂ ಸುಮಾರು ಎರಡು ಇಂಚು ಉದ್ದ ಮಾಡಬೇಕಾಯಿತು. ಹಳೆಯ ಉದ್ದದ ಚೈನನ್ನೇ ಬಿಟ್ಟು ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಹಾಕಿದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೈಲರ್ ಸೆಳೆತಕ್ಕೆ ಸಿಕ್ಕಿ ಮುರಿಯಬಹುದು. ಮರುವರ್ಷ ಮುಂದಿನ ಚೈನ್‌ವೀಲ್ ಜೋಡಣೆಯನ್ನೇ 42, 34, 24 ಹಲ್ಲಿನದಕ್ಕೆ ಬದಲಾಯಿಸಿ, ಮುಂದಿನ ಡಿರೈಲರನ್ನು ಅದಕ್ಕೆ ತಕ್ಕಂತೆ ಕೆಳಗಿಳಿಸಿ ಕಟ್ಟಿಸಿದೆ. ಈಗ 24ಕ್ಕೆ 34, ಅಂದರೆ 1.53 ಮೀಟರ್. ಶೇ 8ರ ಏರಿನಲ್ಲಿ ಪಾದದ ಮೇಲಿನ ಸರಾಸರಿ ಭಾರ 40 ಕಿಲೋ ಇದ್ದದ್ದು 11 ಕಿಲೋಗೆ ಇಳಿದಿದೆ. ಶೇ 12ರ ಆ ಕೊನೆಯ ತಿರುವಿನಲ್ಲಿ ನಡಿಗೆಗಿಂತ ಹೆಚ್ಚು ವೇಗವೇನೂ ಬರುವುದಿಲ್ಲ, ಆದರೆ ಇಳಿಯಬೇಕಾಗಿಲ್ಲ.

ಇಂಥ ಬದಲಾವಣೆ ಮಾಡಿಸುವವರು ಎರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಹಿಂದಿನ ಹಲ್ಲುಚಕ್ರಗಳ ಗೊಂಚಲು ಚಕ್ರದ ನಡುವಿನ ಹಬ್ಬಿಗೆ ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲೋ, ಹಬ್ಬಿನ ಉದ್ದುದ್ದ ಗೀರುಗಳ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ಟೋ ಎಂಬುದು ಒಂದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡನೆಯದು ಹಿಂದಿನ ಡಿರೈಲರ್ ಎಷ್ಟು ಸಡಿಲ ಚೈನನ್ನು ಎಳೆದುಕೊಳ್ಳಬಲ್ಲದು ಎಂಬುದು. ಮುಂದಿನ ಅತಿ ದೊಡ್ಡ ಮತ್ತು ಅತಿ ಸಣ್ಣ ಚಕ್ರಗಳ ಹಲ್ಲುಗಳ ವ್ಯತ್ಯಾಸಕ್ಕೆ ಹಿಂದಿನವುಗಳ ವ್ಯತ್ಯಾಸವನ್ನು ಕೂಡಿಸಬೇಕು. ನನ್ನದರಲ್ಲಿ ಈಗ ಮುಂದೆ 18, ಹಿಂದೆ 20, ಒಟ್ಟು 38. ಉದ್ದ ತೋಳಿನ ಡಿರೈಲರುಗಳು ಇದನ್ನು ನಿಭಾಯಿಸುತ್ತವೆ, ಗಿಡ್ಡ ತೋಳಿನವು ನಿಭಾಯಿಸುವುದಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ಏಳು ಚಕ್ರದ ಈ ಫ್ರೀವೀಲಿನಲ್ಲಿ ಹಲ್ಲುಗಳು 24ರಿಂದ ಒಮ್ಮೆಲೇ 34ಕ್ಕೆ ನೆಗೆಯುತ್ತವೆ. ನಡುವೆ ಬೇಕೆನಿಸುವ ಗೇರೊಂದು ಅಲ್ಲಿಲ್ಲ. ಮೊದಲ ಕೆಲವು ದಿನ ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ, ನಂತರ ಒಗ್ಗುತ್ತದೆ.

ಗೇರುಗಳ ಸಂಖ್ಯೆಯ ಬಗ್ಗೆ ಇರುವ ಮೋಹವನ್ನು ಬಿಡಿಸಲು ಇನ್ನೊಂದು ಲೆಕ್ಕ ಸಾಕು. ನನ್ನ ಸೈಕಲ್ಲಿನಲ್ಲಿ 42ಕ್ಕೆ 24, 34ಕ್ಕೆ 20, 24ಕ್ಕೆ 14 ಎಂಬ ಮೂರು ಜೋಡಿಗಳನ್ನು ಭಾಗಿಸಿ ನೋಡಿದರೆ 1.75, 1.70, 1.71 ಬರುತ್ತದೆ. ಹೆಸರಿಗೆ ಮೂರು ಗೇರು, ಕಾಲಿಗೆ ಒಂದೇ. ಅದೇ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 46ರವರೆಗೆ ಒಂಬತ್ತು ಚಕ್ರ ಇರುವ ಸೈಕಲ್ಲಿನಲ್ಲಿ ಗೇರುಗಳು ಒಂಬತ್ತೇ ಆದರೂ ಅತಿ ಹಗುರವಾದದ್ದು ಒಂದು ಸುತ್ತಿಗೆ ಒಂದೂವರೆ ಮೀಟರ್. ಅದು ನಾನು ಮೊದಲು ಕೊಂಡ 21 ಗೇರಿನದಕ್ಕಿಂತ ನಮ್ಮ ಏರಿಗೆ ಬಹಳ ಮೇಲು. ಯುವಕರು ಆಸೆಪಟ್ಟು ಕೊಳ್ಳುವ ತೆಳು ಟೈರಿನ ರೇಸ್ ಮಾದರಿಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 50 ಮತ್ತು 34, ಹಿಂದೆ 28ರವರೆಗೆ ಇರುತ್ತದೆ. 34ಕ್ಕೆ 28 ಎಂದರೆ ಎರಡೂವರೆ ಮೀಟರ್. ಗಟ್ಟಿ ಕಾಲಿನವರು ಅದರಲ್ಲಿಯೂ ಹತ್ತುತ್ತಾರೆ. ಊಟದ ಡಬ್ಬಿ, ಮಳೆಯ ಕೋಟು ಹೊತ್ತು ಕೆಲಸಕ್ಕೆ ಹೋಗುವವರಿಗೆ ಅದು ಸಲ್ಲದು. ಹಬ್ಬಿನ ಒಳಗೇ ಗೇರು ಅಡಗಿರುವ ಸೈಕಲ್ಲುಗಳೂ ಇವೆ. ಮಳೆ, ಕೆಸರು ತಾಗದ ಕಾರಣ ಅವು ಕೊಡಗಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ, ಆದರೆ ಹಳೆಯ ಮೂರು ಗೇರಿನ ಹಬ್ಬಿನಲ್ಲಿ ಅತಿ ಹಗುರವಾದದ್ದು ನೇರ ಗೇರಿನ ಮುಕ್ಕಾಲು ಪಾಲು ಮಾತ್ರ. 5.4 ಮೀಟರಿನ ಮುಕ್ಕಾಲು ಪಾಲು ಎಂದರೆ ನಾಲ್ಕು ಮೀಟರ್. ಅದು ಏನೇನೂ ಸಾಲದು.

ಹಗುರವಾದ ಗೇರು ಹಾಕುವುದು ದುರ್ಬಲರ ಲಕ್ಷಣ ಎಂಬ ಭಾವನೆ ನಮ್ಮ ಹುಡುಗರಲ್ಲಿ ಬಲವಾಗಿದೆ, ಇದು ನನಗೆ ನೋವಿನ ವಿಷಯ. ಇದು ಇಲ್ಲಿನದಷ್ಟೇ ಅಲ್ಲ. ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ, ಪರ್ವತಗಳನ್ನೇ ದಾಟಬೇಕಾಗಿದ್ದರೂ, ಡಿರೈಲರ್ ಗೇರಿಗೆ ಅವಕಾಶ ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಕೂರಿಸಿ ಹತ್ತುತ್ತಿದ್ದರು. ಜಗತ್ತಿನ ಅತಿ ಬಲಿಷ್ಠ ಕಾಲುಗಳಿಗೂ ಬೇಕಾದದ್ದು ನಮ್ಮ ಹತ್ತನೆಯ ತರಗತಿಯ ಹುಡುಗನಿಗೆ ಏಕೆ ಬೇಡ?

ಮಳೆಗಾಲದ ಮಾತನ್ನು ಬಿಟ್ಟು ಕೊಡಗಿನ ಸೈಕಲ್ಲಿನ ಬಗ್ಗೆ ಬರೆಯುವುದು ಸಾಧ್ಯವಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಿನಲ್ಲಿ, ರಸ್ತೆಯ ಸಣ್ಣ ಮರಳು ನೀರಿನೊಡನೆ ಚೈನಿನ ಕೊಂಡಿಗಳೊಳಗೆ ಸೇರಿ ಅರೆಯುತ್ತದೆ. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಸ್ಕೇಲ್ ಹಿಡಿದು ನೋಡಿದಾಗ ಅದು 12 ಇಂಚಿನ ಮೇಲೆ ಇಂಚಿನ ಹದಿನಾರನೇ ಒಂದು ಭಾಗದಷ್ಟು ಹಿಗ್ಗಿದ್ದರೆ ಚೈನು ಬದಲಾಯಿಸಬೇಕು, ಎಂಟನೇ ಒಂದು ಭಾಗ ಆಗುವವರೆಗೆ ಬಿಟ್ಟರೆ ಹಲ್ಲುಚಕ್ರಗಳನ್ನೂ ಜೊತೆಗೆ ಬದಲಾಯಿಸಬೇಕಾಗುತ್ತದೆ. ಸಣ್ಣ ಚೈನ್‌ವೀಲಿನಲ್ಲಿ ಚೈನಿನ ಮೇಲಿನ ಸೆಳೆತ ಹೆಚ್ಚಿರುವುದರಿಂದ ಸವೆದ ಚೈನು ಹಲ್ಲಿನಿಂದ ನೆಗೆಯುವುದು ಸರಿಯಾಗಿ ಏರಿನ ನಡುವೆಯೇ, ಹಿಂದೆ ಬಸ್ಸು ಬರುತ್ತಿರುವಾಗಲೇ. ಇದೇ ಕಾರಣಕ್ಕೆ ಏರಿನ ಮಧ್ಯದಲ್ಲಿ ಭಾರ ಹಾಕಿ ತುಳಿಯುತ್ತ ಮುಂದಿನ ಗೇರು ಬದಲಾಯಿಸಬಾರದು. ತಿರುವು ಕಣ್ಣಿಗೆ ಬಿದ್ದೊಡನೆ, ಕಾಲು ಇನ್ನೂ ಹಗುರವಾಗಿ ತಿರುಗುತ್ತಿರುವಾಗ, ಸಣ್ಣ ಚಕ್ರಕ್ಕೆ ಇಳಿಸಿಕೊಳ್ಳಬೇಕು.

ಬ್ಯಾಟರಿ ಸೈಕಲ್ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ಮೋಟಾರಿನವಕ್ಕೆ ನೋಂದಣಿಯ ಅಗತ್ಯವೂ ಇಲ್ಲ, ನಿಜ. ಆದರೆ ಹಿಂಚಕ್ರದ ಹಬ್ಬಿನಲ್ಲಿ ಮೋಟಾರು ಇರುವ ಸೈಕಲ್ ಕಡಿದಾದ ಏರಿನಲ್ಲಿ ತೀರ ನಿಧಾನವಾದಾಗ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಅಲ್ಲಿಯೂ ಕಾಲು ನೆರವಾಗಬೇಕು, ಕಾಲಿಗೆ ಹಗುರವಾದ ಗೇರು ಬೇಕು.

ನನ್ನ ಕೋರಿಕೆ ಎರಡು. ಜಿಲ್ಲೆಯ ಸೈಕಲ್ ಅಂಗಡಿಗಳವರು ಬೆಲೆಯ ಚೀಟಿಯ ಮೇಲೆ ಗೇರುಗಳ ಸಂಖ್ಯೆಯ ಜೊತೆಗೆ ಮುಂದಿನ ಅತಿ ಸಣ್ಣ ಚಕ್ರದ ಮತ್ತು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳನ್ನು ಬರೆಯಲಿ. ಎರಡು ಅಂಕಿಗಳನ್ನು ಬರೆಯಲು ಖರ್ಚಿಲ್ಲ, ಮತ್ತು ಮುಂದಿನದಕ್ಕಿಂತ ಹಿಂದಿನ ಅಂಕಿ ಸಾಕಷ್ಟು ದೊಡ್ಡದಾಗಿದ್ದರೆ ಕೊಳ್ಳುವವರಿಗೆ ಅಷ್ಟೇ ಸಾಕು.

ಇನ್ನೊಂದು ಸರ್ಕಾರಕ್ಕೆ ಸಂಬಂಧಿಸಿದ್ದು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006–07ರಲ್ಲಿ ಆರಂಭವಾಗಿತ್ತು. ಅದು ಮತ್ತೆ ಬರುವುದಾದರೆ ಬಯಲಿಗೂ ಮಲೆನಾಡಿಗೂ ಒಂದೇ ಅಳತೆಯ ಸೈಕಲ್ ಬೇಡ. ಗೇರಿನ ಸೈಕಲ್ ಕೊಡುವುದು ದುಬಾರಿ ಎಂದಾದರೆ ಒಂದೇ ಗೇರಿನದರಲ್ಲಿಯೂ ದಾರಿ ಇದೆ. ಹಿಂದಿನ 18 ಹಲ್ಲಿನ ಫ್ರೀವೀಲಿನ ಬದಲು 22 ಹಲ್ಲಿನದನ್ನು ಹಾಕಿದರೆ ಮಗುವಿನ ತುಳಿತದ ಭಾರ ಶೇ 18ರಷ್ಟು ಇಳಿಯುತ್ತದೆ. ಮುಂದಿನ 44ರ ಬದಲು 36 ಹಲ್ಲಿನ ಚೈನ್‌ವೀಲನ್ನೂ ಹಾಕಿದರೆ ಒಟ್ಟು ಮೂರನೇ ಒಂದು ಭಾಗ ಇಳಿಯುತ್ತದೆ. ಸಮತಟ್ಟಿನಲ್ಲಿ ವೇಗ ಸ್ವಲ್ಪ ತಗ್ಗುವುದು ನಿಜ, ಆದರೆ ನಾಪೋಕ್ಲು, ಭಾಗಮಂಡಲ, ಸೋಮವಾರಪೇಟೆ ಕಡೆಯ ಮಕ್ಕಳ ದಾರಿಯಲ್ಲಿ ಸಮತಟ್ಟು ಎಷ್ಟಿದೆ? ಖರೀದಿಯ ಟೆಂಡರ್ ಷರತ್ತುಗಳಲ್ಲಿ ಮಲೆನಾಡಿನ ಜಿಲ್ಲೆಗಳಿಗಾಗಿ ಈ ಎರಡು ಅಂಕಿಗಳನ್ನು, ಮುಂದೆ 36, ಹಿಂದೆ 22 ಎಂದು, ಸೇರಿಸಬೇಕೆಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಮಡಿಕೇರಿ